ಆಲೆಮನೆಯ ಸ್ಕ್ಯಾನೂ ಬಸ್ತಿಹಳ್ಳಿಯ ಬಸುರಿಯೂ

ಬೆಲ್ಲ ಕಾಯಿಸುವ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷೀನು ಇಟ್ಟುಕೊಂಡು ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಹೇಳುತ್ತಿದ್ದರು. ಹೆಣ್ಣಾದರೆ ತೆಗೆಸುತ್ತಿದ್ದರು. 2023ರ ಕೊನೆಗೆ ಬೆಂಗಳೂರು ಪೊಲೀಸರು ಬಯಲಿಗೆಳೆದ ಮಂಡ್ಯದ ಜಾಲ ಇದು. ಲಿಂಗಪತ್ತೆ ತಡೆಯುವ ಕಾಯ್ದೆ ಬಂದಿದ್ದು 1994ರಲ್ಲಿ!

‘ಸ್ಕ್ಯಾನೇ ಬೇಡ’ ಅನ್ನೋರಿದ್ದಾರೆ. ನಾವು ಒಪ್ಪಲ್ಲ. ತಾಯಿಯ ರಕ್ತ ನೆಗೆಟಿವ್, ಕೂಸಿನದು ಪಾಸಿಟಿವ್ ಇದ್ದಾಗ ಕೆಲವೊಮ್ಮೆ ತಾಯಿಯ ದೇಹವೇ ಕೂಸಿನ ರಕ್ತಕಣ ಒಡೆಯುತ್ತದೆ. ಆಗ ದೊಡ್ಡಾಸ್ಪತ್ರೆಗಳಲ್ಲಿ ಇದೇ ಸ್ಕ್ಯಾನ್ ನೋಡಿಕೊಂಡು ಗರ್ಭದಲ್ಲೇ ಕೂಸಿಗೆ ರಕ್ತ ಕೊಡುತ್ತಾರೆ. ಆದರೆ ಸೂಜಿ ಹೋಗೋದು ತಾಯಿಯ ಹೊಟ್ಟೆ ಮೂಲಕ. ಅಪಾಯ ಏನಂತ ಕನ್ನಡದಲ್ಲಿ ಹೇಳಿ ಅವಳನ್ನೇ ಕೇಳಬೇಕು, ಹೊರಗೆ ಕೂತ ಗಂಡನನ್ನಲ್ಲ.

‘ಗಂಡೇನಾ?’ ಅಂತ ಪಿಸುಗುಟ್ಟೋ ಮನೆಯವರೂ ನೆನಪಿಡಿ: ಲಿಂಗಪತ್ತೆಗೆ ಬಸುರಿಯನ್ನು ಬಲವಂತ ಮಾಡಿದ್ದು ಗಂಡ, ನೆಂಟರೇ ಅಂತ ಕಾನೂನು ಮೊದಲೇ ಭಾವಿಸುತ್ತದೆ. ಅಲ್ಲ ಅಂತ ಸಾಬೀತು ಮಾಡೋ ಹೊರೆ ನಿಮ್ಮದೇ.

ಕೂಸಿನ ಹೃದಯ, ಬೆನ್ನುಹುರಿ ಸರಿಯಿದೆಯಾ ನೋಡೋ ಸ್ಕ್ಯಾನ್ ಐದನೇ ತಿಂಗಳಲ್ಲೇ ಆಗಬೇಕು. ಬಸ್ತಿಹಳ್ಳಿಯಿಂದ ಹಾಸನ ಸುಮಾರು 30 ಕಿ.ಮೀ.; ಹೋಗಿಬಂದರೆ ಅವತ್ತಿನ ಕೂಲಿ ಹೋಯ್ತು. ಕಳ್ಳರ ಮಷೀನು ಕಬ್ಬಿನ ಗದ್ದೆವರೆಗೂ ಬಂತಲ್ಲ! ಮುಂದಿನ ಗ್ರಾಮಸಭೆಯಲ್ಲಿ ಕೇಳ್ತೀವಿ, ನೀವೂ ಬನ್ನಿ: ಈ ಸ್ಕ್ಯಾನ್ ಬೇಲೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ವಾರ, ಎಷ್ಟು ಗಂಟೆಗೆ?