ಕ್ಯಾಮೆರಾ ಬಾರದ ನಿಲ್ದಾಣ

ಮಂಗಳೂರು ಹೆಂಚು ಇಳಿಸುವುದಕ್ಕೂ ಒಂದು ಕ್ರಮವಿದೆ. ಮಾಡಿನ ಮೇಲೊಬ್ಬ, ಏಣಿಯಲ್ಲೊಬ್ಬ, ಕೆಳಗೊಬ್ಬ, ಕೈಯಿಂದ ಕೈಗೆ. ನಮ್ಮೂರ ರೈಲ್ವೆ ನಿಲ್ದಾಣಕ್ಕೆ ಅಷ್ಟು ಮರ್ಯಾದೆಯೂ ಸಿಗಲಿಲ್ಲ. ಜೆಸಿಬಿ ಬಂತು, ಪಕಾಸಿ ರೀಪಿನ ಸಮೇತ ಗುದ್ದಿ ಕೆಡವಿತು. ಟಿಕೆಟ್ ಕಂಡಿಯ ಕಡಪಾಕಲ್ಲು ಚಿಲ್ಲರೆ ಸರಿಸಿದ ಕೈಗಳಿಗೆ ಸವೆದು ಗುಳಿಬಿದ್ದಿತ್ತು. ಅದೂ ಎರಡು ಹೋಳು. ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿದಿತ್ತು.

ರಾಶಿಯಲ್ಲಿ ಬೆತ್ತದ ಬಳೆಯೊಂದು ಕಂಡಿತು, ಚರ್ಮದ ಚೀಲ ಇನ್ನೂ ಕಚ್ಚಿಕೊಂಡಿತ್ತು. ಒಂಟಿ ಹಳಿಯ ಕಾಲದಲ್ಲಿ ಆ ಚೀಲದೊಳಗಿನ ಲೋಹದ ಗುಂಡು ಕೈಗೆ ಬಾರದೆ ಚಾಲಕ ಮುಂದಿನ ನಿಲ್ದಾಣದ ಕಡೆ ಗಾಲಿ ಉರುಳಿಸುವಂತಿರಲಿಲ್ಲ. ಇಲ್ಲಿಯ ಯಂತ್ರದಿಂದ ಒಂದು ಗುಂಡು ಹೊರಬಿದ್ದರೆ, ಅದು ವಾಪಸು ಸೇರುವ ತನಕ ಇಲ್ಲೂ ಅಲ್ಲೂ ಇನ್ನೊಂದು ಉದುರುತ್ತಿರಲಿಲ್ಲ. ಎದುರುಬದುರು ಎರಡು ರೈಲು ನುಗ್ಗದಂತೆ ಕಾದದ್ದು ಈ ಗುಂಡು, ಮತ್ತೆ ಜಡಿಮಳೆಯಲ್ಲಿ ಬಳೆ ಎತ್ತಿ ಹಿಡಿದು ನಿಲ್ಲುತ್ತಿದ್ದ ಪಾಯಿಂಟ್ಸ್‌ಮನ್.

"ಗುಜರಿ ಸಾರ್, ಬೇಕಾದ್ರೆ ತಗೊಂಡೋಗಿ" ಅಂದ ಮೇಸ್ತ್ರಿ. ಅವನನ್ನು ಬಯ್ದು ಏನು ಫಲ? ಕೆಡವಲು ಸಹಿ ಹಾಕಿದವರು ಅಲ್ಲಿ ಇರಲೇ ಇಲ್ಲ.

ಹಳೆ ನಿಲ್ದಾಣಗಳಿಗೆಲ್ಲ ಇದೇ ಗತಿ ಬರಲಿಲ್ಲ. ಶಿವಮೊಗ್ಗದ ಮೀಟರ್‌ಗೇಜ್ ಹಳಿ 1940ರಲ್ಲಿ ತಾಳಗುಪ್ಪ ಮುಟ್ಟಿತು. ಆ ಹಾದಿಯ ಅರಸಾಳು ನಿಲ್ದಾಣವನ್ನು ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಮಾಲ್ಗುಡಿ ಮಾಡಿದರು. ಬ್ರಾಡ್‌ಗೇಜ್ ಬಂದ ಮೇಲೆ ಹಳೆ ಕಟ್ಟಡ ಪಾಳು ಬಿತ್ತು. ಕೊನೆಗೆ ಅದೇ ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಕೈಹಾಕಿ, 2020ರಲ್ಲಿ ಅದು ಮ್ಯೂಸಿಯಂ ಆಯಿತು. ಸಂತೋಷವೇ. ನಾನೂ ಹೋಗಿ, ಅಲ್ಲಿಯ ಹಳೆ ಬೋಗಿಯಲ್ಲಿ ಚಹಾ ಕುಡಿದು ಬಂದಿದ್ದೇನೆ. ಆದರೆ ಆ ಚಹಾ ಗಂಟಲಲ್ಲಿ ಸಲೀಸಾಗಿ ಇಳಿಯಲಿಲ್ಲ. ಎಲ್ಲೂ ಇಲ್ಲದ ಊರಿನ ನಿಲ್ದಾಣ ಉಳಿಯಿತಲ್ಲ, ಅಡಿಕೆ ಮೂಟೆ ಹೊತ್ತ, ಬಾಣಂತನಕ್ಕೆ ಬಂದ ಮಗಳನ್ನು ಇಳಿಸಿಕೊಂಡ, ಇರುವ ಊರಿನ ನಿಲ್ದಾಣ ಮಾಡಿದ ಪಾಪವೇನು? ಕ್ಯಾಮೆರಾ ಬರಲಿಲ್ಲ ಎಂಬುದೇ?

"ಸೋರ್ತಿತ್ತು" ಅನ್ನುತ್ತಾರೆ. ನಾಲ್ಕು ಹೆಂಚು ಬದಲಿಸಿದ್ದರೆ ನಿಲ್ಲುತ್ತಿತ್ತು. ದೊಡ್ಡ ಹಳಿ ಬೇಡ ಎಂದವರಾರು? ರಾತ್ರಿ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಯುವ ಸುಖ ನಮಗೂ ಬೇಕು. ಹೊಸ ಪ್ಲಾಟ್‌ಫಾರಂ ಎದ್ದದ್ದು ನೂರು ಮಾರು ಆಚೆ! ಹಳೆಯದು ಯಾರ ದಾರಿಗೂ ಅಡ್ಡ ನಿಂತಿರಲಿಲ್ಲ. ಆ ಜಾಗದಲ್ಲೀಗ ಆರು ಬೈಕು, ಒಂದಷ್ಟು ಲಂಟಾನ.

ಬೆತ್ತದ ಬಳೆ ನಮ್ಮ ಜಗಲಿಯ ಗೂಟದಲ್ಲಿದೆ. ಗುಂಡು ಕೇಳಿಕೊಂಡು ಮಾರನೇ ದಿನ ಹೋದೆ. ಗುಜರಿಯವನ ತಕ್ಕಡಿ ಹತ್ತಿ ಆಗಿತ್ತಂತೆ, ಕೆ.ಜಿ. ಲೆಕ್ಕದಲ್ಲಿ.