ಬಾಯಿ ಒಂದೇ, ಒಡಲು ಬೇರೆ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಹಿರಿಯರ ಮಾತು ಯಂತ್ರಗಳ ಈ ಕಾಲಕ್ಕೂ ಸಲ್ಲುತ್ತದೆ. ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಟೈಪ್-ಸಿ ಎಂಬ ಚಿಕ್ಕ ಕಿಂಡಿಯೇ ಅದಕ್ಕೆ ಸಾಕ್ಷಿ. ನೋಡುವುದಕ್ಕೆ ಎಲ್ಲ ಕಿಂಡಿಗಳೂ ಒಂದೇ. ಮಾಡುವ ಕೆಲಸ ಮಾತ್ರ ಒಂದೊಂದರದು ಒಂದೊಂದು ಬಗೆ. ಈ ಭೇದವನ್ನು ಕೊಳ್ಳುವವನಿಗೆ ಮೊದಲೇ ತಿಳಿಸದಿರುವುದು ಅನ್ಯಾಯವೆಂಬುದೇ ನನ್ನ ವಾದ.

ಕಲಾ ವಿದ್ಯಾರ್ಥಿಗಳಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಹಂಪೆಯ ಶಾಸನವೊಂದರ ಚಿತ್ರವನ್ನು ಒಂದು ಕಡೆ ತೆರೆದಿಟ್ಟು, ಅದರ ಪಾಠವನ್ನು ಮತ್ತೊಂದು ಕಡೆ ಬರೆದುಕೊಳ್ಳುವ ಇತಿಹಾಸದ ವಿದ್ಯಾರ್ಥಿಗೆ ಲ್ಯಾಪ್‌ಟಾಪಿನ ಕಿರುಪರದೆ ಸಾಲದು. ದೊಡ್ಡ ಮಾನಿಟರ್ ಬೇಕೆಂದಾಗ ಎಲ್ಲರೂ ಹೇಳುವ ಉಪಾಯ, 'ಒಂದು ಹಬ್ ತನ್ನಿ' ಎಂಬುದು. ಕಂಪ್ಲಿಯಿಂದಲೋ ಸಂಡೂರಿನಿಂದಲೋ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿ ಕೈಖರ್ಚಿನ ಹಣ ಉಳಿಸಿ ಅದನ್ನು ಕೊಳ್ಳುತ್ತಾನೆ. ಜೋಡಿಸಿದರೆ ಕೀಲಿಮಣೆ ನಡೆಯುತ್ತದೆ, ಪೆನ್‌ಡ್ರೈವ್ ತೆರೆಯುತ್ತದೆ. ಮಾನಿಟರ್ ಮಾತ್ರ ಕತ್ತಲೆ. ಹಬ್ ಕೆಟ್ಟಿದೆಯೆಂದು ಅಂಗಡಿಗೆ ಒಯ್ದರೆ, ಅಲ್ಲಿಯ ಬೇರೊಂದು ಲ್ಯಾಪ್‌ಟಾಪಿನಲ್ಲಿ ಅದೇ ಹಬ್ ಸೊಗಸಾಗಿ ಕೆಲಸ ಮಾಡುತ್ತದೆ!

ಇದರ ಕಾರಣ ಸರಳವಾದುದು. ಹಬ್ ತಾನಾಗಿ ಚಿತ್ರವನ್ನು ಹುಟ್ಟಿಸುವುದಿಲ್ಲ. ಬಂದುದನ್ನು ಹಂಚುತ್ತದೆ, ಅಷ್ಟೆ. ತುಂಗಭದ್ರೆಯ ಕಾಲುವೆಗಳ ನಡುವೆ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಗೆ ನೀರು ಬಿಡದಿದ್ದರೆ ತೂಬೆತ್ತಿ ಫಲವೇನು? ಟೈಪ್-ಸಿ ಕಿಂಡಿಯಲ್ಲಿ 24 ಸಂಪರ್ಕಗಳಿವೆ. ಅವುಗಳಲ್ಲಿ ಅತಿವೇಗದ ದಾರಿಗಳು ನಾಲ್ಕು. ಆ ದಾರಿಗಳಲ್ಲಿ ಚಿತ್ರವೂ ಹರಿಯುವಂತೆ ತಯಾರಕರು ಏರ್ಪಡಿಸಿದ್ದರೆ ಮಾತ್ರ ಸಾಮಾನ್ಯ ಹಬ್ ಅದನ್ನು ಎಚ್‌ಡಿಎಂಐ ರೂಪಕ್ಕೆ ತಿರುಗಿಸಿ ಮಾನಿಟರಿಗೆ ಕೊಡಬಲ್ಲದು. ಈ ಏರ್ಪಾಡಿಗೆ 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಎಂದು ಹೆಸರು. ಅಗ್ಗದ ಅನೇಕ ಲ್ಯಾಪ್‌ಟಾಪುಗಳಲ್ಲಿ ಅದಿಲ್ಲ. ಇದ್ದ ಕಡೆಯೂ ಹಂಚಿಕೆಯ ಪ್ರಶ್ನೆ ತಪ್ಪದು: ಹಲವು ಹಬ್ಬುಗಳಲ್ಲಿ ಎರಡು ದಾರಿ ಚಿತ್ರಕ್ಕೆ, ಎರಡು ದಾರಿ ಉಳಿದ ಕೆಲಸಕ್ಕೆ. 1920×1080 ಚುಕ್ಕೆಗಳ ಮಾನಿಟರಿಗೆ ಇಷ್ಟು ಧಾರಾಳ. 4ಕೆ ಮಾನಿಟರಿನಲ್ಲಾದರೋ ಸೆಕೆಂಡಿಗೆ 60 ಬಾರಿ ಮೂಡಬೇಕಾದ ಚಿತ್ರ ಎಷ್ಟೋ ಸಲ 30ಕ್ಕೆ ಇಳಿಯುತ್ತದೆ. ಚಿತ್ರವನ್ನು ಬೇರೆ ರೀತಿಯಲ್ಲಿ ಸಾಗಿಸುವ ಡಿಸ್‌ಪ್ಲೇಲಿಂಕ್ ಉಪಕರಣಗಳುಂಟು. ಅವುಗಳಿಗೆ ಪ್ರತ್ಯೇಕ ತಂತ್ರಾಂಶ ಬೇಕು, ಬೆಲೆಯೂ ಹೆಚ್ಚು.

ಎಲ್ಲಕ್ಕೂ ಒಂದೇ ಕಿಂಡಿಯೆಂಬುದು ಪ್ರಗತಿಯಲ್ಲವೆ ಎಂದು ಕೇಳಿದರೆ, ಅಹುದೆಂದೇ ಒಪ್ಪಬೇಕು. 2014ರಲ್ಲಿ ಹೊರಬಂದ ಈ ಆಕಾರಕ್ಕೆ ಭಾರತೀಯ ಮಾನಕ ಬ್ಯೂರೊ ಮಾನಕವನ್ನು ಪ್ರಕಟಿಸಿತು. ಯೂರೋಪಿನ ಒಕ್ಕೂಟ 2024ರ ಡಿಸೆಂಬರಿನಿಂದ ಹೊಸ ಫೋನುಗಳಿಗೆ ಅದನ್ನು ಕಡ್ಡಾಯ ಮಾಡಿತು. ಮನೆಗೆ ಹತ್ತು ಬಗೆಯ ಚಾರ್ಜರುಗಳ ಕಾಟ ಇದರಿಂದ ತಗ್ಗಿದೆ. ಆದರೆ ಹಿಂದೆ ಕಿಂಡಿಯ ಆಕಾರವೇ ಅದರ ಕೆಲಸವನ್ನು ಹೇಳುತ್ತಿತ್ತು. ವಿಜಿಎ ಕಿಂಡಿಯನ್ನು ಕಂಡವನಿಗೆ ಅದು ಚಿತ್ರಕ್ಕಾಗಿಯೇ ಇದೆಯೆಂಬುದರಲ್ಲಿ ಸಂದೇಹವಿರಲಿಲ್ಲ. ಈಗ ಆಕಾರ ಮೂಕವಾಗಿದೆ. ಆದುದರಿಂದ ಅಕ್ಷರವಾದರೂ ಮಾತನಾಡಬೇಕು.

ಕೆಲವು ತಯಾರಕರು ಕಿಂಡಿಯ ಬಳಿ 'ಡಿಪಿ' ಗುರುತನ್ನೋ, ಥಂಡರ್‌ಬೋಲ್ಟಿನ ಮಿಂಚಿನ ಗುರುತನ್ನೋ ಹಾಕುತ್ತಾರೆ. ಸೌಲಭ್ಯವಿದ್ದೂ ಹಾಕದವರು ಅನೇಕರು. ಇದು ಅವರವರ ಇಷ್ಟಕ್ಕೆ ಬಿಡತಕ್ಕ ವಿಷಯವಲ್ಲ. ಚಿತ್ರ ಬರುವುದೋ ಇಲ್ಲವೋ ಎಂಬುದನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಲೇಬೇಕು. ಕಾಲೇಜುಗಳಿಗೆಂದು ಲ್ಯಾಪ್‌ಟಾಪ್ ಕೊಳ್ಳುವ ಸರ್ಕಾರ ಟೆಂಡರಿನಲ್ಲಿಯೇ ಈ ಷರತ್ತನ್ನು ಸೇರಿಸಬಹುದು.

ಅಲ್ಲಿಯವರೆಗೆ ನಾವು ಮಾಡಬಹುದಾದುದೂ ಉಂಟು. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಕಿಂಡಿಯಿದ್ದರೆ ಒಂದು ಮಾನಿಟರಿಗೆ ಹಬ್ಬೇ ಬೇಡ. ಸಾದಾ ಕೇಬಲ್ ಸಾಕು. ಇಲ್ಲದವರು ತಮ್ಮ ಮಾದರಿಯ ವಿವರಪಟ್ಟಿಯನ್ನು ಓದಿ ಆಮೇಲೆ ಹಣ ತೆಗೆಯಲಿ. ನಮ್ಮ ಗ್ರಂಥಾಲಯದಲ್ಲಿ ಒಂದು ಒಳ್ಳೆಯ ಹಬ್ಬನ್ನಿಟ್ಟು, ಪುಸ್ತಕದಂತೆಯೇ ಎರವಲು ಕೊಟ್ಟು, ಯಾವ ಮಾದರಿಗೆ ಚಿತ್ರ ಬಂದಿತೆಂದು ಒಂದು ನೋಟುಪುಸ್ತಕದಲ್ಲಿ ಬರೆದಿಡುವ ಏರ್ಪಾಡಾದರೆ ಎಷ್ಟೋ ಬಡ ವಿದ್ಯಾರ್ಥಿಗಳ ಹಣ ಉಳಿಯುತ್ತದೆ. ಪೂಜ್ಯ ಅಧ್ಯಾಪಕರೂ ವಿದ್ಯಾರ್ಥಿ ಮಿತ್ರರೂ ಈ ಸಣ್ಣ ಕಾರ್ಯಕ್ಕೆ ಮನಸ್ಸು ಮಾಡಬೇಕೆಂದು ನನ್ನ ಬಿನ್ನಹ.