ಮನೆಯ ಮೋಟಾರು ಸೈಕಲ್ಲಿನ ವಿಕ್ರಯ

ಕಳೆದ ಬೇಸಗೆಯಲ್ಲಿ ನಾವು ಮನೆಯ ಮೋಟಾರು ಸೈಕಲ್ಲನ್ನು ಮಾರಿದೆವು. ಅದು 2021ರಲ್ಲಿ ನಮ್ಮ ಹೆಸರಿನಲ್ಲಿ ಕೊಂಡ ರಾಯಲ್ ಎನ್‌ಫೀಲ್ಡ್ ಮೀಟಿಯೊರ್ 350. ಬೆನ್ನನ್ನು ನೆಟ್ಟಗಿರಿಸಿ, ಕಾಲನ್ನು ಮುಂದಕ್ಕಿಟ್ಟು ದೂರ ಪ್ರಯಾಣ ಮಾಡುವವರಿಗೆಂದು ರಚಿಸಿದ ವಾಹನ. ಕಿರಿಯ ಮಗನು ಅದರ ಮೇಲೆ ಎರಡು ಸಲ ಮಡಿಕೇರಿಗೂ ಒಂದು ಸಲ ಆಗುಂಬೆಗೂ ಹೋಗಿಬಂದು, ಬಳಿಕ ಉದ್ಯೋಗನಿಮಿತ್ತವಾಗಿ ಪರದೇಶಕ್ಕೆ ತೆರಳಿದನು. ಗಾಡಿಯು ಆರು ಸಾವಿರ ಕಿಲೋಮೀಟರನ್ನೂ ಓಡದೆ ಹಿತ್ತಲ ಚಪ್ಪರದಡಿ ನಿಂತಿತು. ಅದರ ತೂಕ 191 ಕಿಲೋ. ನಮ್ಮ ವಯಸ್ಸಿನವರಿಗೆ ಅದನ್ನು ಒರಸಿಡುವುದಷ್ಟೇ ಸಾಧ್ಯ.

ಕಡಮೆ ಓಡಿದುದರಿಂದ ಹೆಚ್ಚು ಬೆಲೆ ಬರುವುದೆಂದು ಎಣಿಸಿದ್ದೆವು. ಕೊಳ್ಳಲು ಬಂದ ತರುಣನು ತನ್ನೊಡನೆ ಕರೆತಂದಿದ್ದ ಮೆಕ್ಯಾನಿಕ್ಕನು ಆ ಎಣಿಕೆಯನ್ನು ತಿದ್ದಿದನು. ನಿಂತ ಗಾಡಿಯಲ್ಲಿ ಬ್ಯಾಟರಿ ಸೋಲುವುದು, ಪೆಟ್ರೋಲು ಕೆಡುವುದು, ಟಯರಿನ ರಬ್ಬರು ಸವೆಯದಿದ್ದರೂ ಗಡುಸಾಗುವುದು. ಟಯರಿನ ಮಗ್ಗುಲಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳಲ್ಲಿ ಮೊದಲೆರಡು ಅದು ತಯಾರಾದ ವಾರವನ್ನೂ ಕಡೆಯೆರಡು ವರ್ಷವನ್ನೂ ಸೂಚಿಸುವುವೆಂದು ಅಂದೇ ನಮಗೆ ತಿಳಿದುದು. ಹೊಸ ಬ್ಯಾಟರಿ ಹಾಕಿಸಿ, ಎಣ್ಣೆ ಬದಲಿಸಿ, ಅವರು ಹೇಳಿದ ಬೆಲೆಗೆ ಒಪ್ಪಿದೆವು.

ತರುಣನು ಹಣವನ್ನು ಎಣಿಸಿಟ್ಟು, “ಹೆಸರನ್ನು ನಿಧಾನವಾಗಿ ಬದಲಾಯಿಸಿಕೊಳ್ಳುತ್ತೇನೆ ಸ್ವಾಮಿ, ಬೀಗದ ಕೈ ಕೊಡಿ” ಎಂದನು. ಒಳ್ಳೆಯ ಹುಡುಗ, ನಾವು ಕೊಟ್ಟುಬಿಡುತ್ತಲೇ ಇದ್ದೆವು. ಒಳಗಿನಿಂದ ನಮ್ಮ ಮನೆಯಾಕೆ, “ನಾಳೆ ಯಾರಿಗಾದರೂ ಡಿಕ್ಕಿಯಾದರೆ ಪೊಲೀಸರು ಯಾರ ಬಾಗಿಲಿಗೆ ಬರುತ್ತಾರೆ?” ಎಂದು ಕೇಳಿದಳು.

ಆ ಪ್ರಶ್ನೆಗೆ ಉತ್ತರವು ಗೃಹಸ್ಥರೆಲ್ಲರಿಗೂ ತಿಳಿದಿರತಕ್ಕದ್ದು. 1988ರ ಮೋಟಾರು ವಾಹನ ಕಾಯಿದೆಯ ದೃಷ್ಟಿಯಲ್ಲಿ ನೋಂದಣಿಯಲ್ಲಿ ಹೆಸರಿರುವವನೇ ಒಡೆಯನು. ಒಬ್ಬರು 2007ರಲ್ಲಿ ಮಾರಿದ ಕಾರು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತವಾಯಿತು. ಒಂದು ಜೀವವೂ ಹೋಯಿತು. ಹೆಸರು ಬದಲಾಗದೆ ಇದ್ದುದರಿಂದ ಪರಿಹಾರದ ಹೊಣೆಯು ಮೊದಲಿನವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಮಾನಿಸಿತು.

ಆದುದರಿಂದ ಆ ತರುಣನನ್ನು ಜಗಲಿಯ ಮೇಲೆ ಕುಳ್ಳಿರಿಸಿ, ಕಾಫಿ ಕೊಟ್ಟು, 29 ಮತ್ತು 30ನೆಯ ನಮೂನೆಗಳಿಗೆ ಇಬ್ಬರೂ ರುಜು ಹಾಕಿದೆವು. ಅದೇ ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಕೊಂಡವನಿಗೆ 30 ದಿನಗಳ ಅವಧಿಯುಂಟು. ವಿಮೆಯ ಕಂಪೆನಿಗೆ ಕೊಂಡವನು 14 ದಿನಗಳಲ್ಲಿ ತಿಳಿಸಬೇಕು. ಸಾಲದಿಂದ ಕೊಂಡ ಗಾಡಿಯಾದರೆ ಸಾಲ ತೀರಿದ ಮೇಲೂ 35ನೆಯ ನಮೂನೆಯಿಂದ ಬ್ಯಾಂಕಿನ ಹೆಸರನ್ನು ತೆಗೆಯಿಸತಕ್ಕದ್ದು. ನಮ್ಮದು ಕೈಗಡವೂ ಇಲ್ಲದ ಗಾಡಿ, ಆ ತೊಡಕಿರಲಿಲ್ಲ. ಗಾಡಿಯನ್ನು ಒಪ್ಪಿಸಿದ ದಿನವನ್ನೂ ಗಂಟೆಯನ್ನೂ ರಸೀತಿಯಲ್ಲಿ ಬರೆದೆವು. ಹೆಸರು ಬದಲಾದೊಡನೆ ಹಿಂದಿರುಗಿಸುವೆವೆಂದು ಹೇಳಿ ಐದು ಸಾವಿರ ರೂಪಾಯಿಗಳನ್ನು ಹೆಚ್ಚಾಗಿ ಇರಿಸಿಕೊಂಡೆವು. ಅವನ ಮುಖ ಸ್ವಲ್ಪ ಸಪ್ಪಗಾದುದು ನಿಜ.

ಮೂರು ವಾರಗಳ ಮೇಲೆ ಅವನೇ ಅದೇ ಗಾಡಿಯಲ್ಲಿ ಬಂದು ಹೊಸ ಹೆಸರಿನ ಕಾರ್ಡನ್ನು ತೋರಿಸಿ ಹಣವನ್ನು ಪಡೆದು ಹೋದನು.